ಹಳೇ ಮನೆ ಕೊಳ್ಳುವ ಮುಂಚೆ ಕರೆಸಿದ ಇಂಜಿನಿಯರ್: ನನ್ನ 9,000 ರೂಪಾಯಿ ಎಲ್ಲಿಗೆ ಹೋಯಿತು

ನಿವೃತ್ತಿಯ ದುಡ್ಡಿನಲ್ಲಿ ಒಂದು ಮನೆ ತಗೊಂಡು ಬಾಡಿಗೆಗೆ ಕೊಡಬೇಕು ಅಂತ ಮೈಸೂರಿನಲ್ಲಿ ಹುಡುಕುತ್ತಿದ್ದೆ. ಕುವೆಂಪುನಗರದಲ್ಲಿ 30-40ರ ಸೈಟಿನ ಮನೆಯೊಂದು ಸಿಕ್ಕಿತು. ಕೆಳಗೊಂದು, ಮೇಲೊಂದು ಪೋರ್ಷನ್. 1994ರಲ್ಲಿ ಕಟ್ಟಿದ್ದು. ಆಗಷ್ಟೇ ಸುಣ್ಣಬಣ್ಣ ಆಗಿತ್ತು. "ಒಂದು ಮೊಳೆ ಹೊಡೆಯುವ ಖರ್ಚೂ ಇಲ್ಲ ಮೇಡಂ" ಅಂದರು ಬ್ರೋಕರ್. ಆದರೂ ಅಡ್ವಾನ್ಸ್ ಕೊಡುವ ಮುಂಚೆ, ಮನೆ ಪರೀಕ್ಷೆ ಮಾಡಿ ರಿಪೇರಿ ಅಂದಾಜು ಬರೆದುಕೊಡುವ ಒಬ್ಬ ಸಿವಿಲ್ ಇಂಜಿನಿಯರನ್ನು ಕರೆಸಿದೆ. ಫೀಸು 9,000 ರೂಪಾಯಿ.

ಏಣಿ ಅವರೇ ತಂದಿದ್ದರು. ಮೂರೂವರೆ ಗಂಟೆ ನೋಡಿದರು. ಬಚ್ಚಲಿನ ಟೈಲ್ಸನ್ನು ಮರದ ಸುತ್ತಿಗೆಯಿಂದ ಒಂದೊಂದೇ ತಟ್ಟಿದರು, ಮೂಲೆಯಲ್ಲಿ ಟೊಳ್ಳು ಸದ್ದು ಬಂತು. ಆ ಗೋಡೆಯ ಆಚೆ ಬದಿ ಮಲಗುವ ಕೋಣೆ. ಅಲ್ಲಿದ್ದ ಬೀರುವನ್ನು ಸರಿಸಲು ಹೇಳಿದರು. ಹಿಂದೆ ಬಚ್ಚಲಿನ ನೀರು ಜಿನುಗಿ ಮೊಳಕಾಲೆತ್ತರದವರೆಗೆ ಬಿಳಿ ಉಪ್ಪು ಕಟ್ಟಿತ್ತು, ಬೆರಳು ತಾಗಿಸಿದರೆ ಗಾರೆ ಪುಡಿಯಾಗಿ ಉದುರುತ್ತಿತ್ತು. ಬಣ್ಣ ಹೊಡೆದವರು ಬೀರುವನ್ನು ಸರಿಸಿರಲಿಲ್ಲ.

ಹೊರಗೆ ಸಜ್ಜದ ಕೆಳಗೆ ಒಂದು ಸಣ್ಣ ಬಿರುಕು. ನಾನಾಗಿದ್ದರೆ ಗಮನಿಸುತ್ತಲೇ ಇರಲಿಲ್ಲ. ಅವರು ಸ್ಕ್ರೂಡ್ರೈವರಿನಿಂದ ಮೀಟಿದರು. ಅಂಗೈಯಗಲದ ಕಾಂಕ್ರೀಟ್ ಚಕ್ಕೆ ಬಂತು, ಒಳಗೆ ಕೆಂಪಗೆ ತುಕ್ಕು ಹಿಡಿದ ಕಂಬಿ. "ಕಂಬಿ ತುಕ್ಕು ಹಿಡಿದರೆ ಉಬ್ಬುತ್ತದೆ ಮೇಡಂ, ಉಬ್ಬಿ ಕಾಂಕ್ರೀಟನ್ನೇ ಒಡೆಯುತ್ತದೆ. ಮೇಲೆ ಸಿಮೆಂಟ್ ಮೆತ್ತಿದರೆ ಎರಡು ಮಳೆಗಾಲ ನಿಲ್ಲಬಹುದು ಅಷ್ಟೇ" ಅಂದರು. ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸಿದಾಗ ಮೇಲಿನ ಮನೆಯಲ್ಲಿ ನೀರು ದಾರದ ಹಾಗೆ ಬಂತು. ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಒಳಗೆಲ್ಲ ತುಕ್ಕು ಕಟ್ಟಿಕೊಂಡಿದೆ. ನಾಲ್ಕು ಪ್ಲಗ್ ಪಾಯಿಂಟುಗಳಲ್ಲಿ ಶಾಕ್ ಹೊಡೆಯದಂತೆ ಕಾಯುವ ಅರ್ಥಿಂಗೇ ಇರಲಿಲ್ಲ. ಮಕ್ಕಳಿರುವ ಸಂಸಾರ ಬಾಡಿಗೆಗೆ ಬರುವ ಮನೆ, ಅಲ್ವಾ?

ಮೂರನೇ ದಿನ ಫೋಟೋಗಳ ಜೊತೆ ರಿಪೋರ್ಟ್ ಬಂತು. ಒಟ್ಟು 6,80,000. ಎರಡು ಬಚ್ಚಲಿಗೆ 2,40,000, ವೈರಿಂಗಿಗೆ 1,40,000, ಪೈಪಿಗೆ 1,15,000, ಉಳಿದದ್ದು ಸಜ್ಜ, ತಾರಸಿ, ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಕೊನೆಯ ಪುಟ. ಎರಡೂ ಪೋರ್ಷನ್ ಸೇರಿ 32,000 ಬಾಡಿಗೆ ಅಂದುಕೊಂಡರೆ ಈ ರಿಪೇರಿ 21 ತಿಂಗಳ ಬಾಡಿಗೆಗೆ ಸಮ ಅಂತ ಬರೆದಿದ್ದರು. ಸ್ಟಾಂಪ್ ಡ್ಯೂಟಿ, ನೋಂದಣಿ ಖರ್ಚು ಮೊದಲೇ ಲೆಕ್ಕಕ್ಕೆ ಸಿಗುತ್ತವೆ, ಸಿಗದೆ ಹೋಗುವುದು ಇದೇ. ಏನು ಮಾಡಿಸಬೇಡಿ ಅಂತಲೂ ಹೇಳಿದ್ದರು. ಅಡುಗೆಮನೆಯ ಕಡಪ ಕಲ್ಲು ಗಟ್ಟಿಯಾಗಿದೆ, ಸುಮ್ನೆ ಗ್ರಾನೈಟ್ ಹಾಕಿಸಬೇಡಿ, ಅದಕ್ಕೆ ಬಾಡಿಗೆ ಜಾಸ್ತಿ ಬರುವುದಿಲ್ಲ. ಮೊಸಾಯಿಕ್ ನೆಲಕ್ಕೆ ಪಾಲಿಶ್ ಸಾಕು.

ಆ ಫೋಟೋಗಳನ್ನು ಓನರ್ ಮುಂದೆ ಇಟ್ಟು ಕೂತೆ. 5 ಲಕ್ಷ ಇಳಿಸಿದರು.

ಇಂಜಿನಿಯರ್ ಅಂದಾಜಿನಲ್ಲಿ ಕೊರತೆಗಳೂ ಇವೆ. ಕೊನೆಗೆ ಖರ್ಚಾದದ್ದು 7,65,000. ನೆಲದಡಿಯ ಚರಂಡಿ ಪೈಪಿನೊಳಗೆ ಬೇರು ಹೊಕ್ಕಿತ್ತು, ಅಗೆದಾಗಲೇ ಗೊತ್ತಾಗಿದ್ದು. ಅದು ಅವರ ಕಣ್ಣಿಗೆ ಬೀಳದಿದ್ದದ್ದು ಸಹಜ. ಆದರೆ ಒಡೆದ ಟೈಲ್ಸು, ಗಾರೆ ಸಾಗಿಸುವ ಟ್ರ್ಯಾಕ್ಟರ್ ಬಾಡಿಗೆಯನ್ನು ಅಂದಾಜಿನಲ್ಲಿ ಸೇರಿಸಬೇಕಿತ್ತು. ಕೆಲಸ ನಡೆಯುವ ಎರಡು ತಿಂಗಳು ಮನೆ ಖಾಲಿ ಇರುವ ನಷ್ಟವನ್ನೂ ಹಿಡಿದಿರಲಿಲ್ಲ. ರಿಪೋರ್ಟ್ ಪೂರ್ತಿ ಇಂಗ್ಲಿಷಿನಲ್ಲಿತ್ತು, ಮೇಸ್ತ್ರಿಗೆ ನಾನೇ ಒಂದೊಂದು ಸಾಲೂ ಓದಿ ಹೇಳಬೇಕಾಯಿತು. ಕನ್ನಡದಲ್ಲೂ ಒಂದು ಪ್ರತಿ ಕೊಡಿ ಅಂತ ಅವರಿಗೆ ಹೇಳಿದ್ದೇನೆ.

ಈಗ ನನ್ನ ತಂಗಿ ಹಾಸನದಲ್ಲಿ ಮನೆ ನೋಡುತ್ತಿದ್ದಾಳೆ. ಅಷ್ಟು ದೂರ ಬರಲು ಈ ಇಂಜಿನಿಯರ್ ಓಡಾಟದ ಖರ್ಚು ಬೇರೆ ಕೇಳುತ್ತಾರೆ. ಕೊಟ್ಟು ಕರೆಸು, ಮಳೆ ಬಿದ್ದ ಮಾರನೇ ದಿನವೇ ಕರೆಸು ಅಂದಿದ್ದೇನೆ.