ಪಿಪಿಟಿ ಕಳಿಸುವುದು ಬಿಟ್ಟೆ, ಈಗ ಬರೀ ಲಿಂಕ್

ಮುಂಬೈನ ಮಾಟುಂಗದಲ್ಲಿ ಭಾನುವಾರ ಬೆಳಗ್ಗೆ 15 ಮಕ್ಕಳಿಗೆ ಕನ್ನಡ ಅಕ್ಷರ ಹೇಳಿಕೊಡುತ್ತೇನೆ. ಮನೆಯಲ್ಲಿ ಕನ್ನಡ, ಕೆಳಗೆ ಆಟಕ್ಕಿಳಿದರೆ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್, ಅಂಥ ಮಕ್ಕಳು. ಪಾಠವೆಲ್ಲ ಸ್ಲೈಡಿನಲ್ಲೇ. ಮೊದಲು ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಫೈಲನ್ನೇ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದೆ. ಒಬ್ಬರ ಫೋನಿನಲ್ಲಿ ಅದು ತೆರೆಯುವುದೇ ಇಲ್ಲ, ಇನ್ನೊಬ್ಬರ ಫೋನಿನಲ್ಲಿ 'ಅಕ್ಕ' ಪದದ ಒತ್ತು ಬೇರೆ ಸಾಲಿಗೆ ಹೋಗಿ ಕೂತಿರುತ್ತದೆ. ಯುನಿಕೋಡ್ (ಎಲ್ಲ ಫೋನುಗಳಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ಫಾಂಟಿನಲ್ಲಿ ಮಾಡಿದ್ದ ಸ್ಲೈಡುಗಳದ್ದಂತೂ ಕೇಳಲೇಬೇಡಿ, ತಲೆ ಮೇಲೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ.

ಈಗ ಆರು ತಿಂಗಳಿಂದ ಗೂಗಲ್ ಸ್ಲೈಡ್ಸ್‌ನಲ್ಲಿ ಸ್ಲೈಡುಗಳನ್ನು ವೆಬ್ ಪುಟವಾಗಿ ತೋರಿಸುವ 'ಪಬ್ಲಿಷ್ ಟು ವೆಬ್' ಬಳಸುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಫೈಲ್ ಮೆನು, ಅದರೊಳಗೆ ಶೇರ್, ಅಲ್ಲೇ ಸಿಗುತ್ತದೆ. ಒತ್ತಿದರೆ ಒಂದು ಲಿಂಕ್. ನೋಡುವವರಿಗೆ ಲಾಗಿನ್ ಬೇಡ, ಆ್ಯಪ್ ಬೇಡ, ಬ್ರೌಸರ್ ಇದ್ದರೆ ಸಾಕು. ಫಾಂಟ್ ಕೂಡ ಪುಟದ ಜೊತೆಗೇ ಬರುತ್ತದೆ. ನಾನು ಹಾಕಿರುವುದು 'ಬಾಲೂ ತಮ್ಮ' ಅನ್ನುವ ಫಾಂಟ್. ದುಂಡುದುಂಡಾಗಿದೆ, ಮಕ್ಕಳಿಗೆ ಇಷ್ಟ. ಅದನ್ನು ಮಾಡಿದ ಏಕ್ ಟೈಪ್ ಅನ್ನುವ ಫಾಂಟ್ ತಂಡದವರು ನಮ್ಮ ಮುಂಬೈನವರೇ, ಗೊತ್ತಾದಾಗ ಸುಮ್ನೆ ಒಂದು ಖುಷಿ.

ನನಗೆ ಜಾಸ್ತಿ ಹಿಡಿಸಿದ್ದು ತಿದ್ದುಪಡಿ. ಏಳನೇ ಸ್ಲೈಡಿನಲ್ಲಿ ದೀರ್ಘ ಬಿಟ್ಟುಹೋಗಿದೆ ಅಂತ ಡೊಂಬಿವಲಿಯ ಒಬ್ಬ ಅಜ್ಜ ರಾತ್ರಿ ಮೆಸೇಜ್ ಹಾಕಿದ್ದರು. ಬೆಳಗ್ಗೆ ಲೋಕಲ್ ಹತ್ತುವ ಮುಂಚೆ ತಿದ್ದಿದೆ, ದಾದರ್ ಬರುವಷ್ಟರಲ್ಲಿ ಅದೇ ಹಳೇ ಲಿಂಕಿನಲ್ಲಿ ಸರಿಯಾಗಿತ್ತು. ಆದರೆ ಇದೇ ಕಾರಣಕ್ಕೆ ಅರ್ಧ ಬರೆದಿಟ್ಟ ಸ್ಲೈಡೂ ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಹೊಸದನ್ನು ಬೇರೆ ಫೈಲಿನಲ್ಲಿ ಬರೆದು ಆಮೇಲೆ ತಂದು ಅಂಟಿಸುತ್ತೇನೆ.

ಪಬ್ಲಿಷ್ ಮಾಡುವ ಕಿಟಕಿಯಲ್ಲಿ, ಸ್ಲೈಡ್ ತಾನಾಗಿ ಮುಂದೆ ಹೋಗುವುದಕ್ಕೆ ಮೊದಲೇ 3 ಸೆಕೆಂಡ್ ಅಂತ ಇಟ್ಟಿರುತ್ತಾರೆ. ಮೂರು ಸೆಕೆಂಡಿನಲ್ಲಿ 'ಜ್ಞ' ಓದುವ ಮಗು ಎಲ್ಲಿದೆ? ಪುಟ ತೆರೆದ ತಕ್ಷಣ ಶುರುವಾಗುವ ಆಯ್ಕೆಗೆ ಟಿಕ್ ಹಾಕಬೇಡಿ, ಅವರೇ ಒತ್ತಿಕೊಂಡು ನೋಡಲಿ.

ಬ್ರೌಸರಿನಲ್ಲೇ ಸ್ಲೈಡ್ ತೋರಿಸುವ ರಿವೀಲ್ ಜೆಎಸ್ ಅನ್ನುವ ಇನ್ನೊಂದು ಸಾಧನವನ್ನೂ ಒಮ್ಮೆ ಪ್ರಯತ್ನಿಸಿದೆ. ಉಚಿತ, ಕೆಲಸ ಚೊಕ್ಕ, ಎಸ್ಕೇಪ್ ಕೀ ಒತ್ತಿದರೆ ಸ್ಲೈಡೆಲ್ಲ ಹರಡಿಕೊಂಡು ಕಾಣುತ್ತವೆ. ಆದರೆ ಎಚ್‌ಟಿಎಂಎಲ್ ಅಥವಾ ಮಾರ್ಕ್‌ಡೌನ್ ಎಂಬ ಸಂಕೇತಗಳಲ್ಲಿ ಬರೆಯಬೇಕು, ಇಂಟರ್ನೆಟ್‌ನಲ್ಲಿ ಪುಟ ಇಡಲು ಜಾಗವನ್ನೂ ನಾವೇ ಹುಡುಕಬೇಕು. ನನ್ನ ಜೊತೆ ಪಾಠ ಮಾಡುವ ಇಬ್ಬರು ಅತ್ತೆಯಂದಿರಿಗೆ ಅದನ್ನು ಹೇಳಿಕೊಡುವ ಧೈರ್ಯ ನನಗಿಲ್ಲ.

ಒಂದು ಎಡವಟ್ಟು ಹೇಳಲೇಬೇಕು, ತಪ್ಪು ಪೂರ್ತಿ ನನ್ನದೇ. ಕೊನೆಯ ಸ್ಲೈಡಿಗೆ ಮಕ್ಕಳ ಫೋಟೋ ಹಾಕಿದ್ದೆ. ಫೈಲಿನ ಶೇರಿಂಗ್ ಮುಚ್ಚಿದೆ, ಮತ್ಯಾರು ನೋಡುತ್ತಾರೆ ಅಂತ ನಿಶ್ಚಿಂತೆಯಿಂದಿದ್ದೆ. ಪಬ್ಲಿಷ್ ಮಾಡಿದ ಮೇಲೆ ಆ ಬೀಗ ಲೆಕ್ಕಕ್ಕೇ ಇಲ್ಲ, ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು. ತೆಗೆಯಬೇಕಾದರೆ ಪಬ್ಲಿಷ್ ಮಾಡಿದ ಅದೇ ಕಿಟಕಿಗೆ ಹೋಗಿ 'ಸ್ಟಾಪ್ ಪಬ್ಲಿಷಿಂಗ್' ಒತ್ತಬೇಕು. ಒಬ್ಬ ತಾಯಿ ಕೇಳಿದ ಮೇಲೇ ನನಗೆ ಹೊಳೆದದ್ದು. ಈಗ ಫೋಟೋಗಳೆಲ್ಲ ಬೇರೆ ಫೈಲಿನಲ್ಲಿವೆ, ಅದನ್ನು ಪಬ್ಲಿಷ್ ಮಾಡಿಲ್ಲ.