ದಿನಾ ಬೆಳಿಗ್ಗೆ ನಾನೇ ಎಬ್ಬಿಸಬೇಕಾದ ರೋಬೋಟ್

ಟ್ರೇಡಿಂಗ್ ರೋಬೋಟ್, ಅಂದರೆ ಷೇರು ತಾನೇ ಕೊಂಡು ಮಾರುವ ಸಾಫ್ಟ್‌ವೇರ್, ತಗೊಂಡರೆ ಎಲ್ಲ ಅದೇ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ. ಹದಿನಾಲ್ಕು ತಿಂಗಳಾಯಿತು, ಒಂದು ದಿನವೂ ಅದು ತಾನಾಗಿ ಎದ್ದಿಲ್ಲ. ಬ್ರೋಕರ್ ಖಾತೆಗೆ ನಿನ್ನೆ ಮಾಡಿದ ಲಾಗಿನ್ ಇವತ್ತು ನಡೆಯುವುದಿಲ್ಲ. ದಿನಾ ಹೊಸದಾಗಿ ಪಾಸ್‌ವರ್ಡ್ ಹೊಡೆದು, ಮೊಬೈಲಿನಲ್ಲಿ 30 ಸೆಕೆಂಡಿಗೊಮ್ಮೆ ಬದಲಾಗುವ ಆರಂಕಿಯ ನಂಬರ್ ನೋಡಿ ಹಾಕಬೇಕು. ಮಾರ್ಕೆಟ್ ತೆರೆಯುವುದು 9:15ಕ್ಕೆ. ಅಷ್ಟರೊಳಗೆ ಎಬ್ಬಿಸದಿದ್ದರೆ, ನನಗೆ ಮತ್ತೆ ಬಿಡುವಾಗುವ ತನಕ ಅದಕ್ಕೆ ರಜೆ.

ನನ್ನದು ಧಾರವಾಡದ ಸಪ್ತಾಪುರದಲ್ಲಿ ಝೆರಾಕ್ಸ್ ಅಂಗಡಿ. ಸುತ್ತ ಬರೀ ಕೋಚಿಂಗ್ ಕ್ಲಾಸುಗಳು. ಒಂಬತ್ತು ಗಂಟೆ ಅಂದರೆ ಪಿಎಸ್‌ಐ, ಪಿಡಿಒ, ಕೆಎಎಸ್ ನೋಟ್ಸ್ ಹಿಡಿದ ಹುಡುಗರ ಸಾಲು. ‘ಅಣ್ಣಾರ, ಲಗೂ ಮಾಡ್ರಿ, ಕ್ಲಾಸ್ ಶುರು ಆಗ್ತೈತಿ.’ ಒಂದು ಕೈ ಮಷೀನ್ ಮೇಲೆ, ಇನ್ನೊಂದು ಮೊಬೈಲ್ ಮೇಲೆ. ಆರಂಕಿಯಲ್ಲಿ ನಾಲ್ಕು ಹೊಡೆಯುವಷ್ಟರಲ್ಲಿ ಯಾರೋ ‘ಎರಡೂ ಬಾಜೂ ತೆಗೀರಿ’ ಅನ್ನುತ್ತಾರೆ, ತಿರುಗಿ ನೋಡಿದರೆ ನಂಬರ್ ಬದಲಾಗಿರುತ್ತದೆ. ಮೊದಲ ತಿಂಗಳು ಹೀಗೇ ಐದು ದಿನ ತಪ್ಪಿತು. ಈಗ 8:40ಕ್ಕೆ ಮನೆಯಲ್ಲೇ, ಚಹಾ ಕುಡಿಯುತ್ತಾ ಮಾಡಿ ಮುಗಿಸುತ್ತೇನೆ. ‘ಎದ್ದೈತೇನ್ರಿ ನಿಮ್ಮ ಮಗಾ?’ ಅಂತ ಹೆಂಡತಿ ಅಡುಗೆಮನೆಯಿಂದ ಕೇಳುತ್ತಾಳೆ. ಹಸಿರು ಚುಕ್ಕಿ ಬಂದರೆ ‘ಎದ್ದೈತಿ’ ಅನ್ನುತ್ತೇನೆ. ಬೇಜಾರಿನ ಕೆಲಸವೇ, ಆದರೆ ಭಾನುವಾರ ಅದಿಲ್ಲದೆ ಚಹಾ ಸಪ್ಪೆ ಅನಿಸುತ್ತದೆ.

ಹೊಸಬರು ಯಾವ ಥರದ ರೋಬೋಟ್ ತಗೋಬೇಕು ಅಂತ ಕೇಳುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನ್ನ ಬಂಡವಾಳ 40,000 ರೂಪಾಯಿ. ಲಕ್ಷಗಟ್ಟಲೆ ಹಾಕುವವರ ಲೆಕ್ಕ ಬೇರೆ ಇರಬಹುದು.

ಮೊದಲು ಕೈಗೆ ಸಿಕ್ಕಿದ್ದು ಆಪ್ಷನ್ (ಷೇರಿನ ಮುಂದಿನ ಬೆಲೆಯ ಮೇಲೆ ಮಾಡುವ ಒಪ್ಪಂದ) ಮಾರುವ ರೋಬೋಟ್. ಒಂದು ಟೆಲಿಗ್ರಾಂ ಗುಂಪಿನಲ್ಲಿ ತೋರಿಸಿದರು. ಏನು ನೋಡಿ ಆರ್ಡರ್ ಹಾಕುತ್ತದೆ ಅಂತ ಕೇಳಿದೆ. ‘ಅದು ಸೀಕ್ರೆಟ್ ಸರ್.’ ಒಳಗಿನ ನಿಯಮ ತೋರಿಸದ ಇಂಥದಕ್ಕೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ಫೆಬ್ರವರಿ 2025ರ ಸುತ್ತೋಲೆಯಲ್ಲಿ ಬ್ಲ್ಯಾಕ್ ಬಾಕ್ಸ್ ಅಂತ ಹೆಸರಿಟ್ಟಿದೆ. ಕೊಡುವವರು ರಿಸರ್ಚ್ ಅನಲಿಸ್ಟ್ ಅಂತ ನೋಂದಾಯಿಸಿರಬೇಕು. ನೋಂದಣಿ ನಂಬರ್ ಕೊಡಿ ಅಂದೆ. ಆಮೇಲೆ ತುಟಿ ಪಿಟಕ್ ಅನ್ನಲಿಲ್ಲ. ಫ್ಯೂಚರ್ಸ್, ಆಪ್ಷನ್‌ನಲ್ಲಿ ಮೂರು ವರ್ಷದಲ್ಲಿ 100ಕ್ಕೆ 93 ಜನ ದುಡ್ಡು ಕಳಕೊಂಡಿದ್ದಾರೆ ಅಂತ ಸೆಬಿಯೇ 2024ರಲ್ಲಿ ಹೇಳಿತ್ತು. ಆ ಕಡೆ ಮತ್ತೆ ತಲೆ ಹಾಕಿಲ್ಲ.

ಎರಡನೆಯದು ಟ್ರೆಂಡ್ ಹಿಡಿಯುವ ರೋಬೋಟ್, ತಿಂಗಳಿಗೆ 999 ರೂಪಾಯಿ. ನಿಯಮ ಕಣ್ಣಿಗೆ ಕಾಣುತ್ತದೆ. 15 ನಿಮಿಷದ ಬೆಲೆಗೆ ಒಂದು ಕ್ಯಾಂಡಲ್; ಹಿಂದಿನ 9 ಕ್ಯಾಂಡಲ್‌ಗಳ ಸರಾಸರಿ ಗೆರೆ 21 ಕ್ಯಾಂಡಲ್‌ಗಳ ಗೆರೆಯನ್ನು ಮೇಲಕ್ಕೆ ದಾಟಿದರೆ ಕೊಳ್ಳುವುದು, ಕೆಳಕ್ಕೆ ದಾಟಿದರೆ ಮಾರುವುದು. ಪ್ರತಿ ಸಲ ಯಾಕೆ ಕೊಂಡೆ ಅಂತ ಮೊಬೈಲ್‌ಗೆ ಒಂದು ಸಾಲು ಬರುತ್ತಿತ್ತು. ಮೊದಮೊದಲು ಬಹಳ ಖುಷಿ. ಆ್ಯಪ್ ತುಂಬಾ ಹಸಿರು ಬಣ್ಣ. ಏಳು ತಿಂಗಳಲ್ಲಿ 212 ವಹಿವಾಟು, ಲಾಭ 5,300.

ಒಂದು ಸಂಜೆ ಗಿರ್ಮಿಟ್ ತಿನ್ನುತ್ತಾ ಬ್ರೋಕರ್ ಕಳಿಸುವ ಕಾಂಟ್ರಾಕ್ಟ್ ನೋಟ್, ಅಂದರೆ ವಹಿವಾಟಿನ ಖರ್ಚಿನ ಬಿಲ್, ತೆಗೆದೆ. ಅದನ್ನು ತೆಗೆಯಬಾರದಿತ್ತು ನೋಡಿ. 20,000 ರೂಪಾಯಿಯ ಷೇರು ಅದೇ ದಿನ ಕೊಂಡು ಮಾರಿದರೆ ಬ್ರೋಕರೇಜ್, ಎಸ್‌ಟಿಟಿ (ಷೇರು ವಹಿವಾಟಿನ ತೆರಿಗೆ), ಜಿಎಸ್‌ಟಿ, ಸ್ಟಾಂಪ್ ಡ್ಯೂಟಿ ಎಲ್ಲ ಸೇರಿ ಸುಮಾರು 21 ರೂಪಾಯಿ. ನನ್ನ ಅಂಗಡಿಯಲ್ಲಿ ಅದು 21 ಪುಟ ಝೆರಾಕ್ಸ್. 212 ಸಲಕ್ಕೆ 4,450. ಅದರ ಮೇಲೆ ಏಳು ತಿಂಗಳ ಚಂದಾ 6,993. ಹಸಿರು ಬಣ್ಣದ ಹಿಂದೆ, ಆ ಲಾಭ ಕಳೆದರೂ, ಕೈಯಿಂದ ಹೋದದ್ದು ಆರು ಸಾವಿರದ ಮೇಲೆ! ವರ್ಷದ ಚಂದಾ 11,988. 40,000 ಬಂಡವಾಳಕ್ಕೆ ಅದು 30 ಪರ್ಸೆಂಟ್. ಅಷ್ಟು ದುಡಿದ ಮೇಲೆ ನನಗೆ ಮೊದಲ ರೂಪಾಯಿ.

ಮಾರ್ಕೆಟ್ ಒಂದೇ ಕಡೆ ಹೋದರೆ ಈ ಥರದ್ದು ಚೆನ್ನಾಗಿ ಓಡುತ್ತದೆ. ಹಿಂದೆ ಮುಂದೆ ಜೋಲಿ ಹೊಡೆಯುವ ದಿನ ಮೇಲೆ ಕೊಂಡು, ಕೆಳಗೆ ಮಾರಿ, ಮತ್ತೆ ಕೊಳ್ಳುತ್ತದೆ. ಜೋಲಿ ಹೊಡೆಯುವ ದಿನಗಳೇ ಜಾಸ್ತಿ ಅಲ್ವಾ.

ಇದು ಸಾಲದು ಅಂತ ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ರೋಬೋಟ್ ಓಡುತ್ತಿದ್ದದ್ದು ಅಂಗಡಿಯ ಕಂಪ್ಯೂಟರಿನಲ್ಲಿ. ಯುಪಿಎಸ್ ಕಾಲು ಗಂಟೆ ಎಳೆದು ಸುಮ್ಮನಾಯಿತು. ಕರೆಂಟ್ ಇಲ್ಲದಾಗ ಉಳಿಯುವ ಕೆಲಸ ಅಂದರೆ ಸ್ಪೈರಲ್ ಬೈಂಡಿಂಗ್, ನಾನು ಅದರಲ್ಲಿ ಮುಳುಗಿದ್ದೆ. ಬೆಳಿಗ್ಗೆ ಕೊಂಡ ಷೇರು ಬೀಳುತ್ತಾ ಹೋಯಿತು. ಇಷ್ಟು ಬಿದ್ದರೆ ಮಾರಿಬಿಡು ಅನ್ನುವ ಸ್ಟಾಪ್‌ಲಾಸ್ ಇಟ್ಟಿತ್ತಲ್ಲ ಅಂತೀರಾ? ಇಟ್ಟಿತ್ತು, ತನ್ನ ತಲೆಯೊಳಗೆ! ಎಕ್ಸ್‌ಚೇಂಜ್‌ಗೆ, ಅಂದರೆ ಷೇರುಪೇಟೆಗೆ, ಆರ್ಡರ್ ಹೋಗಿರಲಿಲ್ಲ. ಅದೇ ದಿನ ಮಾರಬೇಕಾದ ಷೇರು, ಅದಕ್ಕೇ 3:20 ದಾಟಿದ ಮೇಲೆ ಬ್ರೋಕರ್‌ನವರೇ ಮಾರಿ, ದಂಡ 50, ಜಿಎಸ್‌ಟಿ ಸೇರಿ 59 ರೂಪಾಯಿ ಹಾಕಿದರು. ಹೊಸಬರು ರೋಬೋಟ್ ತಗೊಳ್ಳುವ ಮುಂಚೆ ಇದೊಂದನ್ನು ಕೇಳಲೇಬೇಕು: ಕೊಂಡ ಕೂಡಲೇ ಸ್ಟಾಪ್‌ಲಾಸ್ ಆರ್ಡರ್ ಎಕ್ಸ್‌ಚೇಂಜ್‌ಗೆ ಹೋಗುತ್ತದೋ, ಇಲ್ಲ ನಮ್ಮ ಕಂಪ್ಯೂಟರಿನಲ್ಲೇ ಕೂತಿರುತ್ತದೋ?

ಅವತ್ತೇ ಚಂದಾ ನಿಲ್ಲಿಸಿದೆ. ಆ್ಯಪ್ ಪೂರ್ತಿ ತೆಗೆದುಹಾಕಲು ಹೋದಾಗ ಅದರಲ್ಲೇ ಕಂಡಿದ್ದು ಮೂರನೆಯ ಥರ, ನಿಯಮ ನಾವೇ ಬರೆಯುವಂಥದ್ದು. ಒಂದೇ ನಿಯಮ ಇಟ್ಟುಕೊಂಡರೆ ಅದಕ್ಕೆ ಚಂದಾ ಇಲ್ಲ. ನನ್ನ ನಿಯಮ ಇಷ್ಟೇ: ಮಧ್ಯಾಹ್ನ ಮೂರಕ್ಕೆ ನಿಫ್ಟಿ (50 ದೊಡ್ಡ ಕಂಪನಿಗಳ ಸೂಚ್ಯಂಕ) ಹಿಂದಿನ ದಿನಕ್ಕಿಂತ 1 ಪರ್ಸೆಂಟ್ ಕೆಳಗಿದ್ದರೆ, ಅದೇ ಷೇರುಗಳನ್ನು ಹಿಡಿದಿರುವ ನಿಫ್ಟಿ ಬೀಸ್ ಅನ್ನುವ ಫಂಡ್ ಮೂರು ಯೂನಿಟ್ ಕೊಳ್ಳಬೇಕು. ಮಾರುವುದಿಲ್ಲ, ಸಾಲ ಮಾಡುವುದಿಲ್ಲ. ಕರೆಂಟ್ ಹೋದರೆ ಅವತ್ತು ಕೊಳ್ಳುವುದಿಲ್ಲ, ಅಷ್ಟೇ. ಹೀಗೆ ಕೊಂಡು ಇಟ್ಟುಕೊಳ್ಳುವ ಡೆಲಿವರಿಗೆ ನನ್ನ ಬ್ರೋಕರ್ ಬ್ರೋಕರೇಜ್ ತಗೊಳ್ಳುವುದಿಲ್ಲ.

ಇಷ್ಟು ಸಣ್ಣ ಕೆಲಸ ಕೈಯಲ್ಲೇ ಮಾಡಬಹುದಲ್ವಾ ಅಂತ ಅಳಿಯ ಕೇಳಿದ. ಮಾಡಬಹುದು. ಆದರೆ ಎಲ್ಲ ಕೆಂಪಗಿರುವ ದಿನ ಕೊಳ್ಳಲು ನನ್ನ ಕೈ ಏಳುವುದಿಲ್ಲ. ‘ನಾಳೆ ಇನ್ನೂ ಬೀಳಬಹುದು, ತಡೀ’ ಅನ್ನುತ್ತೇನೆ. ರೋಬೋಟ್ ತಡೆಯುವುದಿಲ್ಲ. ಹೊಸಬರಿಗೆ ಈ ಥರದ್ದನ್ನೇ ಹೇಳುತ್ತೇನೆ, ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಕಡಿಮೆ ಆ ಆರಂಕಿಗೆ.

ಇವತ್ತೂ 8:40ಕ್ಕೆ ಎಬ್ಬಿಸಿದೆ. ಮೂರು ಗಂಟೆಗೆ ಮೆಸೇಜ್ ಬಂತು: ‘ಇಂದು ಖರೀದಿ ಇಲ್ಲ.’ ನಾನು ಅಷ್ಟೊತ್ತಿಗೆ 340 ಪುಟ ತೆಗೆದಿದ್ದೆ.