2 ಟಿಬಿ ಡ್ರೈವ್ ಬಿಚ್ಚಿದರೆ ಒಳಗೆ 64 ಜಿಬಿ ಕಾರ್ಡು

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ 2 ಟಿಬಿ, ಅಂದರೆ 2,000 ಜಿಬಿಯ ಡ್ರೈವ್ ತರಿಸಿ, ಮನೆಯ ಫೋಟೊ, ಆಫೀಸಿನ ಲೆಕ್ಕ ಎಲ್ಲ ಅದಕ್ಕೆ ತುಂಬಿಸಿ ನೆಮ್ಮದಿಯಾಗಿ ಕೂತಿದ್ದೀರಾ? ಹಾಗಿದ್ದರೆ ಇದನ್ನು ಓದಿ. ಓದಿದ ಮೇಲೆ ಆ ಡ್ರೈವ್ ಹಾಕಿ ನಾಲ್ಕು ಫೈಲ್ ತೆಗೆದು ನೋಡಿ. ಮೊದಲು ಕಾಪಿ ಮಾಡಿದ್ದನ್ನಲ್ಲ, ಕೊನೆಗೆ ಕಾಪಿ ಮಾಡಿದ್ದನ್ನು. ಯಾಕೆ ಅಂತ ಮುಂದೆ ಹೇಳುತ್ತೇನೆ.

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಬುಕ್ಕು, ಫ್ಲೆಕ್ಸ್ ಡಿಸೈನು. ಸೀಸನ್‌ನಲ್ಲಿ ಮದುವೆ ಫೋಟೊ ತೆಗೆದು ಆಲ್ಬಮ್ ಕೂಡ ಮಾಡಿಕೊಡುತ್ತೇವೆ. ಎರಡು ಕಂಪ್ಯೂಟರ್, ಒಂದು ಪ್ರಿಂಟರ್, ನಾನು, ನನ್ನ ಹೆಂಡತಿ. ಈ ಕೆಲಸದಲ್ಲಿ ಹಳೇ ಫೈಲೇ ಬಂಡವಾಳ. ‘ನಮ್ಮ ಅಕ್ಕನ ಮದುವೆ ಕಾರ್ಡ್ ಮಾಡಿದ್ರಲ್ಲ ಅಣ್ಣಾ, ಅದೇ ಥರ ನಂದೂ ಮಾಡಿಕೊಡಿ’ ಅಂತ ಬರುವವರೇ ಜಾಸ್ತಿ. ‘ನುಡಿ’ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಟ್ಟ ಹಳೇ ಪತ್ರಿಕೆ ತೆಗೆದು ಹೆಸರು, ತಾರೀಖು, ಛತ್ರ ಬದಲಾಯಿಸಿದರೆ ಅರ್ಧ ಗಂಟೆ ಕೆಲಸ. ಫೈಲ್ ಇಲ್ಲದಿದ್ದರೆ ಇಡೀ ದಿನ. ಅದರಲ್ಲೂ ‘ಸುಖಾಗಮನ ಬಯಸುವವರು’ ಪಟ್ಟಿಯಲ್ಲಿ ಒಬ್ಬ ಚಿಕ್ಕಪ್ಪನ ಹೆಸರು ಬಿಟ್ಟುಹೋದರೆ ಮುಗೀತು ಕತೆ.

2023ರಲ್ಲಿ ಆಷಾಢದ ಬೆನ್ನಿಗೇ ಅಧಿಕ ಶ್ರಾವಣ ಬಂತು. ಎರಡು ತಿಂಗಳು ಮದುವೆ ಇಲ್ಲ, ಮುಂಜಿ ಇಲ್ಲ, ಅಂಗಡಿಯಲ್ಲಿ ನೊಣ ಹೊಡೆಯುವ ಕೆಲಸ. ಕಂಪ್ಯೂಟರಿನ 1 ಟಿಬಿ ಹಾರ್ಡ್ ಡಿಸ್ಕು ಕೆಂಪು ಪಟ್ಟಿ ತೋರಿಸುತ್ತಿತ್ತು, ಜಾಗ ಇಲ್ಲ ಅಂತ. ಬಿಡುವಿದೆಯಲ್ಲ, ಹಳೇದನ್ನೆಲ್ಲ ಒಂದು ಡ್ರೈವ್‌ಗೆ ಸಾಗಿಸೋಣ ಅಂದುಕೊಂಡೆ. ಮೊಬೈಲ್‌ನಲ್ಲಿ ಹುಡುಕಿದರೆ ಹೆಸರಿರುವ ಕಂಪನಿಗಳ 1 ಟಿಬಿ ಹಾರ್ಡ್ ಡಿಸ್ಕೇ ಐದು ಸಾವಿರದ ಆಸುಪಾಸು. ಅದರ ಕೆಳಗೇ ಇನ್ನೊಂದು: 2 ಟಿಬಿ ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದೆ ಚಿಪ್‌ನಲ್ಲೇ ಬರೆದಿಡುವ, ವೇಗದ ಡ್ರೈವ್), 1,799 ರೂಪಾಯಿ. ನಾಲ್ಕೂಕಾಲು ಸ್ಟಾರು. ‘ತುಂಬಾ ಚೆನ್ನಾಗಿದೆ, ಬೇಗ ಬಂತು, ಪ್ಯಾಕಿಂಗ್ ಸೂಪರ್’ ಅಂತ ನೂರಾರು ಜನ ಬರೆದಿದ್ದರು. ಈಗ ಯೋಚಿಸಿದರೆ ಅವರು ಬರೆದದ್ದೇನೂ ಸುಳ್ಳಲ್ಲ. ಡಬ್ಬ ಬಂದ ದಿನವೇ ಬರೆದರೆ ಪ್ಯಾಕಿಂಗ್ ಬಗ್ಗೆ ಅಲ್ಲದೆ ಇನ್ನೇನು ಬರೆಯುತ್ತಾರೆ?

ನಾಲ್ಕನೇ ದಿನ ಬಂತು. ಕಪ್ಪು ಲೋಹದ ಮೈ, ಕೈಯಲ್ಲಿ ಹಿಡಿದರೆ ಒಳ್ಳೇ ತೂಕ. ಕಂಪ್ಯೂಟರಿಗೆ ಸಿಕ್ಕಿಸಿದೆ. 1.95 ಟಿಬಿ ಅಂತ ತೋರಿಸಿತು. ಪರವಾಗಿಲ್ಲ, ಹೆಚ್ಚುಕಮ್ಮಿ ಪೂರ್ತಿ ಕೊಟ್ಟಿದ್ದಾರೆ ಅಂತ ಖುಷಿಪಟ್ಟೆ. ಮೊದಲ ಸುಳಿವು ಇದ್ದದ್ದೇ ಅಲ್ಲಿ. ಕಂಪನಿಯವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಎಣಿಸುತ್ತೆ. ಹಾಗಾಗಿ ನಿಜವಾದ 1 ಟಿಬಿ ಡ್ರೈವ್ ವಿಂಡೋಸ್‌ನಲ್ಲಿ 931 ಜಿಬಿ ಅಂತ ಕಾಣುತ್ತೆ, 2 ಟಿಬಿ ಅಂದರೆ 1.81. ನನಗೆ ಸಿಕ್ಕಿದ್ದು ಅದಕ್ಕಿಂತ ಜಾಸ್ತಿ. ಇಪ್ಪತ್ತು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತವನಿಗೆ ಇದು ಹೊಳೆಯಬೇಕಿತ್ತು.

ಸುಮಾರು 700 ಜಿಬಿ ಫೈಲು. 2016ರಿಂದ ವರ್ಷಕ್ಕೊಂದು ಫೋಲ್ಡರ್. ಶುರುವಿನಲ್ಲಿ ಜೋರಾಗಿ ಓಡಿದ್ದು ಆಮೇಲೆ ಸೆಕೆಂಡಿಗೆ ಇಪ್ಪತ್ತು ಎಂಬಿಗೆ ಇಳಿಯಿತು. ಎಸ್‌ಎಸ್‌ಡಿ ಇಷ್ಟು ನಿಧಾನ ಇರುತ್ತಾ ಅಂತ ಒಂದು ಸಲ ಅನಿಸಿತು. ಹಳೇ ಕಂಪ್ಯೂಟರ್ ಅಲ್ವಾ, ಇರಬಹುದು ಅಂತ ಬಿಟ್ಟೆ. ಎರಡು ರಾತ್ರಿ ಬಿಟ್ಟುಹೋದೆ. ಒಂದೇ ಒಂದು ಎರರ್ ಬರಲಿಲ್ಲ. ಬೆಳಿಗ್ಗೆ ಬಂದು 2016ರ ಫೋಲ್ಡರ್ ತೆಗೆದು ಹತ್ತು ಹದಿನೈದು ಫೋಟೊ ನೋಡಿದೆ. ಎಲ್ಲ ಸರಿಯಾಗಿದ್ದವು. ಕಂಪ್ಯೂಟರಿನಲ್ಲಿದ್ದ ಹಳೇ ಫೈಲುಗಳನ್ನು ಅಳಿಸಿದೆ. ರೀಸೈಕಲ್ ಬಿನ್ ಕೂಡ ಖಾಲಿ ಮಾಡಿದೆ.

ನಿಜ ಶ್ರಾವಣ ಶುರುವಾಗಿ ವಾರ ಆಗಿತ್ತು. ಬಳುವನೇರಲು ಕಡೆಯಿಂದ ಒಬ್ಬ ಅಜ್ಜಿ ಮೊಮ್ಮಗನ ಜೊತೆ ಬಂದರು. ಯಜಮಾನರು ತೀರಿಕೊಂಡು ಎಂಟು ದಿನ. ವೈಕುಂಠ ಸಮಾರಾಧನೆಗೆ ಫೋಟೊ ಬೇಕು, ಒಂದು ಫ್ಲೆಕ್ಸೂ ಬೇಕು. ‘ಆಧಾರ್ ಕಾರ್ಡಿನ ಫೋಟೊ ಬ್ಯಾಡ ಕಣಪ್ಪ, ಅದ್ರಾಗೆ ಕಳ್ಳನ ಥರ ಕಾಣ್ತಾರೆ. ಮಗಳ ಮದುವೇಲಿ ಪೇಟ ಕಟ್ಟಿಸಿ ನೀನೇ ಒಂದು ತೆಗ್ದಿದ್ದೆಯಲ್ಲ, ಅದನ್ನ ಹಾಕು’ ಅಂದರು. ನನಗೂ ನೆನಪಿತ್ತು. 2019ರ ಮದುವೆ. ಧಾರೆ ಮುಗಿದ ಮೇಲೆ ಛತ್ರದ ಕಂಬಕ್ಕೆ ಒರಗಿ ನಿಂತಿದ್ದರು, ರೇಷ್ಮೆ ಪೇಟ, ಮುಖದ ತುಂಬ ನಗು.

ಡ್ರೈವ್ ಹಾಕಿದೆ. 2019, ಮೇ, ಅವರ ಊರಿನ ಹೆಸರು. ಫೋಲ್ಡರ್ ಇತ್ತು. ಒಳಗೆ 1,140 ಫೋಟೊ, ಒಂದೂ ಕಮ್ಮಿ ಇಲ್ಲ. ಹೆಸರು ಸರಿ, ತಾರೀಖು ಸರಿ, ಒಂದೊಂದೂ ಆರೇಳು ಎಂಬಿ. ಆದರೆ ಚಿಕ್ಕ ಚಿತ್ರಗಳು ಮೂಡಬೇಕಾದ ಕಡೆ ಬರೀ ಬಿಳಿ ಹಾಳೆಯ ಗುರುತು. ಒಂದನ್ನು ಒತ್ತಿದೆ, ಈ ಫೈಲ್ ತೆರೆಯಲು ಆಗುವುದಿಲ್ಲ ಅಂತ ಬಂತು. ಇನ್ನೊಂದು, ಅದೇ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಕೇಬಲ್ ಬದಲಾಯಿಸಿದೆ. ಅಜ್ಜಿ ಸ್ಟೂಲಿನ ಮೇಲೆ ಕೂತು ಸ್ಕ್ರೀನನ್ನೇ ನೋಡುತ್ತಿದ್ದರು. ‘ಸಂಜೆಗೆ ಮಾಡಿಡ್ತೀನಿ ಅಜ್ಜಿ’ ಅಂತ ಕಳಿಸಿ ಶಟರ್ ಅರ್ಧ ಎಳೆದೆ.

2016 ಪೂರ್ತಿ ಓಪನ್ ಆಯಿತು. 2017ರ ಫೆಬ್ರುವರಿಯವರೆಗೆ ಆಯಿತು. ಅಲ್ಲಿಂದಾಚೆಗೆ ಒಂದೂ ಇಲ್ಲ.

ಆ ರಾತ್ರಿ ಹೆಂಡತಿ ಅಡುಗೆಮನೆಯ ಸಣ್ಣ ಚಾಕು ತಂದು ಡ್ರೈವ್‌ನ ಅಂಚು ಮೀಟಿದಳು. ಸ್ಕ್ರೂ ಕೂಡ ಇರಲಿಲ್ಲ, ಅಂಟಿಸಿದ್ದರು. ಒಳಗೆ ಹೆಬ್ಬೆರಳಿನಷ್ಟು ಹಸಿರು ಬೋರ್ಡು. ಅದರ ಮೇಲೆ ಬಿಸಿ ಅಂಟಿನ ಉಂಡೆ ಹಾಕಿ ಕೂರಿಸಿದ್ದ ಮೈಕ್ರೊ ಎಸ್‌ಡಿ ಕಾರ್ಡು, ಮೊಬೈಲ್‌ಗೆ ಹಾಕುತ್ತಿದ್ದೆವಲ್ಲ, ಅದೇ. ಮೇಲೆ 64 ಜಿಬಿ ಅಂತ ಬರೆದಿತ್ತು. ಪಕ್ಕದಲ್ಲಿ ಸುಮ್ನೆ ಒಂದು ಕಬ್ಬಿಣದ ಪಟ್ಟಿ. ಯಾತಕ್ಕೂ ಸೇರಿರಲಿಲ್ಲ. ತೂಕಕ್ಕೆ!

ಈ ಮೋಸ ಹೇಗೆ ನಡೆಯುತ್ತೆ ಅಂತ ಆಮೇಲೆ ತಿಳಿದುಕೊಂಡೆ. ಡ್ರೈವ್ ಎಷ್ಟು ದೊಡ್ಡದು ಅಂತ ಕಂಪ್ಯೂಟರ್ ಅಳೆದು ನೋಡುವುದಿಲ್ಲ, ಕೇಳುತ್ತೆ ಅಷ್ಟೆ. ಡ್ರೈವ್‌ನೊಳಗಿನ ಕಂಟ್ರೋಲರ್ ಚಿಪ್ ಏನು ಹೇಳಿದರೆ ಅದನ್ನೇ ನಂಬುತ್ತೆ. ಮೋಸಗಾರರು ಆ ಚಿಪ್‌ನ ಪ್ರೋಗ್ರಾಮ್ ತಿದ್ದಿ 2 ಟಿಬಿ ಅಂತ ಹೇಳಿಸುತ್ತಾರೆ. ಮೊದಲ 64 ಜಿಬಿ ನಿಜವಾಗಿಯೂ ಬರೆದುಕೊಳ್ಳುತ್ತೆ. ಆಮೇಲೆ ಬಂದದ್ದಕ್ಕೆಲ್ಲ ‘ಆಯ್ತು, ಬರ್ಕೊಂಡೆ’ ಅನ್ನುತ್ತೆ, ಬರೆದುಕೊಳ್ಳುವುದಿಲ್ಲ. ಕೆಲವು ಡ್ರೈವ್‌ಗಳು ಮತ್ತೆ ಮೊದಲಿಂದ ಶುರು ಮಾಡಿ ಇದ್ದದ್ದರ ಮೇಲೇ ಬರೆದು ಅದನ್ನೂ ಹಾಳು ಮಾಡುತ್ತವಂತೆ. ಫೈಲುಗಳ ಹೆಸರು, ಸೈಜು ಇರುವ ಪಟ್ಟಿ ಬೇರೆ, ಒಳಗಿನ ಸರಕು ಬೇರೆ. ಪಟ್ಟಿ ಉಳಿದಿರುತ್ತೆ, ಸರಕು ಇರುವುದಿಲ್ಲ. ನಾನು ಪರೀಕ್ಷೆ ಮಾಡಲಿಲ್ಲ ಅಂತಲ್ಲ, ಮಾಡಿದೆ. ಆದರೆ ಮೊದಲ ಫೋಲ್ಡರ್ ನೋಡಿದೆ. ನನ್ನದರಂಥ ಕಳ್ಳ ಡ್ರೈವ್‌ನಲ್ಲಿ ಮೊದಲ ಫೋಲ್ಡರ್ ಸರಿಯಾಗೇ ಇರುತ್ತೆ.

ಖಚಿತ ಮಾಡಿಕೊಳ್ಳಲು ಎಚ್‌ಟೂಟೆಸ್ಟ್‌ಡಬ್ಲ್ಯೂ (h2testw) ಅನ್ನುವ ಪುಟ್ಟ ಪ್ರೋಗ್ರಾಮ್ ಹಾಕಿದೆ. ಉಚಿತ. ಜರ್ಮನಿಯ ಒಂದು ಕಂಪ್ಯೂಟರ್ ಪತ್ರಿಕೆಯವರದ್ದು. ಅದು ಡ್ರೈವ್ ತುಂಬ ತನ್ನದೇ ಫೈಲುಗಳನ್ನು ಬರೆದು, ಆಮೇಲೆ ಓದಿ ತಾಳೆ ನೋಡುತ್ತೆ. ಲಿನಕ್ಸ್, ಮ್ಯಾಕ್ ಇದ್ದವರಿಗೆ ಎಫ್‌3 ಅಂತ ಇದೆ. ಸೆಕೆಂಡಿಗೆ 20 ಎಂಬಿ ಲೆಕ್ಕದಲ್ಲಿ 2 ಟಿಬಿ ತುಂಬಲು ಸುಮಾರು 28 ಗಂಟೆ ಬೇಕು, ಓದಲು ಮತ್ತೆ ಅಷ್ಟೇ. ಇಷ್ಟು ಹೊತ್ತು ಯಾರು ಕಾಯುತ್ತಾರೆ? ಮಾರುವವರ ಧೈರ್ಯವೂ ಅದೇ. ನಾನು ಡ್ರೈವ್ ಫಾರ್ಮ್ಯಾಟ್ ಮಾಡಿ ಮೊದಲ 100 ಜಿಬಿಗೆ ಮಾತ್ರ ಪರೀಕ್ಷೆ ಓಡಿಸಿದೆ. 59 ಜಿಬಿ ಸರಿ, ಉಳಿದದ್ದು ನಷ್ಟ ಅಂತ ಬಂತು.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಗೊತ್ತಿರುವ ಒಬ್ಬರಿಗೆ ಫೋನ್ ಮಾಡಿದೆ. ‘ಬರೀದೇ ಇರೋದನ್ನ ಯಾರು ವಾಪಸ್ ತೆಗೀತಾರೆ ಗುರೂ? ಆ ಡಬ್ಬಿ ಬಿಡು. ಅಳಿಸಿದ್ಯಲ್ಲ, ಆ ಹಳೇ ಹಾರ್ಡ್ ಡಿಸ್ಕ್ ಈಗಲೇ ಬಿಚ್ಚಿ ಪಕ್ಕಕ್ಕಿಡು’ ಅಂದರು. ಲಕ್ಷ ರೂಪಾಯಿಯ ಮಾತು ಅದು. ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ನಲ್ಲಿ ಅಳಿಸಿದ ಫೈಲು, ಅದರ ಮೇಲೆ ಹೊಸದು ಬರೆಯುವ ತನಕ ಅಲ್ಲೇ ಇರುತ್ತೆ. ಎಸ್‌ಎಸ್‌ಡಿಯಿಂದ ಅಳಿಸಿದ್ದಾದರೆ ಆ ಆಸೆಯೂ ಇಲ್ಲ ಅಂತಲೇ ಇಟ್ಟುಕೊಳ್ಳಿ. ನಾನು ಒಂದು ತಿಂಗಳು ಅದರ ಮೇಲೆ ಹೊಸ ಕೆಲಸ ಮಾಡಿದ್ದೆ. ಡಿಸ್ಕನ್ನು ಬೇರೆ ಕಂಪ್ಯೂಟರಿಗೆ ಹಾಕಿ, ಅಳಿಸಿದ ಫೈಲು ಹುಡುಕಿ ತೆಗೆಯುವ ಫೋಟೊರೆಕ್ ಅನ್ನುವ ಪ್ರೋಗ್ರಾಮ್ ಓಡಿಸಿದೆ. ಅದೂ ಉಚಿತ. ಅರ್ಧಕ್ಕಿಂತ ಕಮ್ಮಿ ಸಿಕ್ಕಿತು. ಅದೂ ಹೆಸರಿಲ್ಲದೆ, ಫೋಲ್ಡರ್ ಇಲ್ಲದೆ, ಬರೀ ನಂಬರ್ ಹೊತ್ತ ಸಾವಿರಾರು ಫೋಟೊ. ಯಾರ ಮದುವೆಯ ಆರತಕ್ಷತೆ, ಯಾರ ಮಗುವಿನ ನಾಮಕರಣ, ಒಂದೂ ಗೊತ್ತಾಗದು. ಹೆಂಡತಿ ಸೀರೆ ನೋಡಿ ಮದುವೆ ಗುರುತಿಸಿದಳು. ದಸರಾ ತನಕ ಅದೇ ಕೆಲಸ. ಪೇಟದ ಫೋಟೊ ಸಿಗಲಿಲ್ಲ. ಅಜ್ಜಿಯ ಮನೆಯ ಆಲ್ಬಮ್ಮಿನಿಂದ ಮೊಬೈಲ್‌ನಲ್ಲಿ ತೆಗೆದು ಫ್ಲೆಕ್ಸ್ ಮಾಡಿಕೊಟ್ಟೆ. ಆಲ್ಬಮ್ಮಿನ ಹೊಳಪು ಕೆನ್ನೆಯ ಮೇಲೆ ಬೆಳ್ಳಗೆ ಬಿದ್ದಿತ್ತು. ದುಡ್ಡು ಕೇಳಲಿಲ್ಲ.

ಮಾರಿದವರ ಕಡೆ ಬರೋಣ. ವಾಪಸ್ ಕೊಡಲು ಏಳು ದಿನ, ಅದು ಯಾವತ್ತೋ ಕಳೆದಿತ್ತು. ಮಾರಾಟಗಾರರ ಪುಟವೇ ಮಾಯ. ವೆಬ್‌ಸೈಟಿನವರು ‘ನಾವು ಬರೀ ಮಧ್ಯದವರು’ ಅಂದರು. ಹೀಗಂದರೆ ಸುಮ್ಮನಾಗಬೇಡಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರಲ್ಲಿ ದೂರು ಅಧಿಕಾರಿ ಇರಲೇಬೇಕು, 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ನಾನು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿದೆ. ಬಿಲ್ಲು, ಬಿಚ್ಚಿದ ಡ್ರೈವ್‌ನ ಫೋಟೊ, ಪರೀಕ್ಷೆಯ ಸ್ಕ್ರೀನ್‌ಶಾಟ್ ಇದ್ದವು. ಮೂರು ವಾರಕ್ಕೆ 1,799 ರೂಪಾಯಿ ಖಾತೆಗೆ ಬಂತು. ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದಿತ್ತು, 5 ಲಕ್ಷದವರೆಗಿನ ಖರೀದಿಗೆ ಅಲ್ಲಿ ಶುಲ್ಕವೂ ಇಲ್ಲ. ಅಲೆಯುವ ಶಕ್ತಿ ಇರಲಿಲ್ಲ, ಬಿಟ್ಟೆ.

ಈಗ ಡ್ರೈವ್ ಕೊಳ್ಳುವಾಗ ಮೊದಲು ಡಬ್ಬದ ಹಿಂಭಾಗ ನೋಡುತ್ತೇನೆ. ತಯಾರಕರ ಅಥವಾ ಆಮದು ಮಾಡಿದವರ ಹೆಸರು ವಿಳಾಸ, ಯಾವ ದೇಶದ್ದು, ಎಂಆರ್‌ಪಿ, ದೂರಿಗೆ ಫೋನ್ ನಂಬರ್ ಇರಬೇಕು, ಕಾನೂನೇ ಇದೆ. ನನಗೆ ಬಂದ ಡಬ್ಬದ ಮೇಲೆ ಒಂದು ರಾಕೆಟ್ಟಿನ ಚಿತ್ರ ಮಾತ್ರ ಇತ್ತು. ಕಂಪನಿಯ ಸೈಟಿನಲ್ಲಿ ಸೀರಿಯಲ್ ನಂಬರ್ ಹಾಕಿ ವಾರಂಟಿ ನೋಡುತ್ತೇನೆ. ಹೆಸರಾಂತ ಕಂಪನಿಯ ಸ್ಟಿಕ್ಕರ್ ಅಂಟಿಸಿದ ನಕಲಿಗಳೂ ಇವೆ, ಹಾಗಾಗಿ ಬರೀ ಹೆಸರು ನಂಬುವಂತಿಲ್ಲ. ಹಳೇ ಕೆಲಸವೆಲ್ಲ ಈಗ ಎರಡು ಹಾರ್ಡ್ ಡಿಸ್ಕ್‌ನಲ್ಲಿದೆ. ಒಂದು ಅಂಗಡಿಯಲ್ಲಿ, ಒಂದು ಮನೆಯ ಬೀರುವಿನಲ್ಲಿ, ಸೀರೆಗಳ ಕೆಳಗೆ.

ಆಮೇಲೆ ಕಾಯುವ ಕಷ್ಟ ತಪ್ಪಿಸುವ ಇನ್ನೊಂದು ಪ್ರೋಗ್ರಾಮ್ ಸಿಕ್ಕಿತು, ವ್ಯಾಲಿಡ್ರೈವ್ ಅಂತ. ವಿಂಡೋಸ್‌ನಲ್ಲಿ ಓಡುತ್ತೆ. ಡ್ರೈವ್ ಪೂರ್ತಿ ತುಂಬಿಸುವುದಿಲ್ಲ. ಉದ್ದಕ್ಕೂ 576 ಕಡೆ ಚೂರುಚೂರು ಬರೆದು ಓದಿ ನೋಡುತ್ತೆ. ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಮುಗಿಯುತ್ತೆ. ಖಾಲಿ ಡ್ರೈವ್ ಮೇಲೆ ಓಡಿಸುವುದೇ ಒಳ್ಳೆಯದು.

ಮೊನ್ನೆ ಪಕ್ಕದ ಬೇಕರಿಯ ಹುಡುಗ 2 ಟಿಬಿ ಪೆನ್‌ಡ್ರೈವ್ ಹಿಡಿದು ಬಂದ. ಕಾರಿನಲ್ಲಿ ಕೇಳಲು ಹಾಡು ತುಂಬಿಸಿಕೊಡಿ ಅಂತ. 499 ರೂಪಾಯಿಯಂತೆ. ಹಾಡು ಹಾಕುವ ಮೊದಲು ವ್ಯಾಲಿಡ್ರೈವ್ ಓಡಿಸಿದೆ. ಚೌಕಗಳು ಒಂದೊಂದೇ ತುಂಬಿದವು. ಮೊದಲ ಏಳೆಂಟು ಹಸಿರು, ಆಮೇಲೆ ಕೊನೆಯವರೆಗೂ ಕೆಂಪೇ ಕೆಂಪು. ಹುಡುಗ ಬಗ್ಗಿ ನೋಡಿ, ‘ಅಣ್ಣಾ, ಆ ಹಸಿರು ಜಾಗಕ್ಕೆ ಎಷ್ಟು ಹಾಡು ಹಿಡಿಸ್ತವೆ?’ ಅಂದ.

‘ಬಂದು ಎಷ್ಟು ದಿನ ಆಯ್ತೋ?’ ಅಂತ ಕೇಳಿದೆ.

‘ಆರು.’

ಅವನ ಫೋನ್ ಇಸಕೊಂಡು ನಾನೇ ರಿಟರ್ನ್ ಒತ್ತಿದೆ.